ಬೆರಳಿಗೆ ಸವೆದ ಗುಡ್ಡ

ಸಂದರ್ಶಕರ ಪುಸ್ತಕದ ಪೆನ್ನು ಎಲ್ಲಿರಬೇಕು ಎಂಬುದು ಹಗುರವಾಗಿ ತೆಗೆದುಕೊಳ್ಳುವ ಪ್ರಶ್ನೆಯಲ್ಲ. ಗಡಿಕಲ್ಲು ಒಂದು ಗೇಣು ಸರಿದದ್ದಕ್ಕೆ ಅಣ್ಣತಮ್ಮಂದಿರು ಮೂರು ತಲೆಮಾರು ಮಾತು ಬಿಟ್ಟ ಉದಾಹರಣೆಗಳಿವೆ. ಇಲ್ಲಿ ಪೆನ್ನು ಸರಿದಿರುವುದು ಹನ್ನೊಂದು ಹೆಜ್ಜೆ. ಹೋದ ತಿಂಗಳವರೆಗೆ ಅದು ಹಿಂಬಾಗಿಲ ಪಕ್ಕದಲ್ಲಿ, ಶೌಚಾಲಯಕ್ಕೆ ಹೋಗಿಬರುವ ದಾರಿಯಲ್ಲಿ, ಪುಸ್ತಕದ ಜೊತೆ ದಾರಕ್ಕೆ ಕಟ್ಟಿಸಿಕೊಂಡು ತೂಗುತ್ತಿತ್ತು. ಈಗ ಪುಸ್ತಕವೂ ಪೆನ್ನೂ ಕೋಣೆಯ ನಡುವಿನ ಮಾದರಿ ಮೇಜಿನ ಮೂಲೆಗೆ ಬಂದಿವೆ. ಸರಿಸಿದವರು ಯಾರು ಎಂದು ಯಾರೂ ಕೇಳಿಲ್ಲ. ಕೇಳುವ ಅಗತ್ಯವೂ ಇಲ್ಲ. ಈ ಕೇಂದ್ರದಲ್ಲಿ ಕೆಲಸಕ್ಕಿರುವುದೇ ಇಬ್ಬರು, ಅವರಲ್ಲೊಬ್ಬಳಿಗೆ ಪೆನ್ನು ಹಳೆಯ ಜಾಗದಲ್ಲಿದ್ದರೇ ಲಾಭ.

ಸೋಮವಾರ, ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ. ರಾಷ್ಟ್ರೀಯ ಉದ್ಯಾನದ ಈ ತುದಿಯಲ್ಲಿ ಬೆಳಕು ಮೊದಲು ಬಂಡೆಗಳ ನೆತ್ತಿಗೆ ಬೀಳುತ್ತದೆ, ಆಮೇಲೆ ನೀರಿನ ಟ್ಯಾಂಕಿಗೆ, ಕೊನೆಗೆ ಸಂದರ್ಶಕರ ಕೇಂದ್ರದ ತಗಡಿನ ಮಾಡಿಗೆ. ಕಾವಲುಗಾರರೆಲ್ಲ 'ಮೇಜಿನಕ್ಕ' ಎಂದು ಕರೆಯುವ ನಲವತ್ತಾರು ವರ್ಷದ ಹೆಂಗಸು ಷಟರ್ ಎತ್ತಿ ಒಳಗೆ ಬರುತ್ತಾಳೆ. ಗೋಡೆಗೆ ಒಂದಷ್ಟು ಉದುರಿದ ಕೊಂಬುಗಳು, ಗಾಜಿನ ಪೆಟ್ಟಿಗೆಯಲ್ಲಿ ಗರಿಗಳು, ಮಕ್ಕಳು ಮುಗಿಬಿದ್ದು ನೋಡುವ ಒಣ ಹಿಕ್ಕೆಗಳ ಒಂದು ಡ್ರಾಯರು. ಉಳಿದಂತೆ ಕೋಣೆಯ ತುಂಬ ಇರುವುದು ಒಂದೇ ವಸ್ತು. ಒಂಬತ್ತಡಿ ಉದ್ದ, ಆರಡಿ ಅಗಲದ ಮೇಜಿನ ಮೇಲೆ ಇಡೀ ಉದ್ಯಾನ, ಕಾಗದದ ತಿರುಳಿನಲ್ಲಿ. ನಾಲ್ಕು ಬೆಟ್ಟಸಾಲು, ಒಂದು ಹೊಳೆ, ಬೇಸಿಗೆಗೆ ಬತ್ತುವ ಕೆರೆ, ಹುಲ್ಲುಬಯಲು. ದಕ್ಷಿಣದ ಅಂಚಿನಲ್ಲಿ ಹೆಬ್ಬೆರಳಿನಷ್ಟು ಎತ್ತರದ ಗುಡ್ಡ. ಈ ಕೇಂದ್ರ ನಿಂತಿರುವುದು ಆ ಗುಡ್ಡದ ಮೇಲೆ.

ಆಕೆ ಮೆತ್ತನೆಯ ಬ್ರಷ್ಷಿನಿಂದ ಕಣಿವೆಗಳ ಧೂಳು ತೆಗೆಯುತ್ತಾಳೆ. ವೈರ್‌ಲೆಸ್ ಗೊರಗುಟ್ಟುತ್ತದೆ: "ಹೊಳೆ ದಾಟೋ ಜಾಗದಲ್ಲಿ ಕರಡಿ ಒಂದು, ಮರಿ ಎರಡು. ಬಯಲಲ್ಲಿ ಜಿಂಕೆ ನಲವತ್ತು, ನಲವತ್ತೊಂದು." ಆಕೆ ಕೆಂಪು ಗುಂಡುಸೂಜಿ ಕಿತ್ತು ಹೊಳೆಯ ಬದಿಗೆ ಚುಚ್ಚುತ್ತಾಳೆ, ಹಳದಿಯದನ್ನು ಬಯಲಿಗೆ. ಬಳಿಕ ಮೇಜಿನಡಿಯಿಂದ ಹಸಿರು ಬಣ್ಣದ ಶೀಸೆ ತೆಗೆದು, ಮುಚ್ಚಳ ತಿರುಗಿಸಿ, ಆ ಪುಟ್ಟ ಗುಡ್ಡದ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಾಳೆ. ಒಂದು ನಿಮಿಷ ದಿಟ್ಟಿಸಿ ನೋಡಿ, ಮುಚ್ಚಳ ಮತ್ತೆ ಬಿಗಿ ಮಾಡಿ ಶೀಸೆಯನ್ನು ಒಳಗಿಡುತ್ತಾಳೆ.

"ಕೈ ತುರಿಸ್ತಾ ಇದೆ," ಎನ್ನುತ್ತಾಳೆ. "ನಾಲ್ಕನೇ ಸೋಮವಾರ ಇದು. ಹದಿನೈದು ವರ್ಷದಲ್ಲಿ ಒಂದು ಸೋಮವಾರ ತಪ್ಪಿಸಿರಲಿಲ್ಲ. ಹೆರಿಗೆಗೆ ಹೋದಾಗಲೂ ಗಂಡನ ಕೈಲಿ ಬಳಿಸಿದ್ದೆ. ಗುಡ್ಡದ ಜೊತೆ ಅರ್ಧ ಕೆರೆಗೂ ಬಳಿದಿಟ್ಟಿದ್ದ ಪುಣ್ಯಾತ್ಮ."

ಬಳಿಯುವುದೇಕೆಂದರೆ, ಈ ಮೇಜಿನ ಮುಂದೆ ನಿಂತ ಮನುಷ್ಯ ಮಾಡುವ ಮೊದಲ ಕೆಲಸ ಒಂದೇ. ಮುದುಕರಾಗಲಿ ಮಕ್ಕಳಾಗಲಿ, ಓದಿದವರಾಗಲಿ ಓದದವರಾಗಲಿ, ಎಲ್ಲರೂ ತೋರುಬೆರಳು ಚಾಚಿ ಆ ಗುಡ್ಡವನ್ನು ಒತ್ತಿ "ನಾವೀಗ ಇಲ್ಲಿದ್ದೀವಿ" ಎನ್ನುತ್ತಾರೆ. ತಾವು ಎಲ್ಲಿದ್ದೇವೆಂದು ಖಾತ್ರಿಯಾಗದೆ ಯಾರೂ ಬೆಟ್ಟ ನೋಡುವುದಿಲ್ಲ. ದಿನಕ್ಕೆ ಸರಾಸರಿ ಅರವತ್ತು ಬೆರಳು, ರಜೆಯ ದಿನಗಳಲ್ಲಿ ನೂರೈವತ್ತು. ವಾರ ಮುಗಿಯುವಷ್ಟರಲ್ಲಿ ಗುಡ್ಡದ ನೆತ್ತಿ ಬೋಳಾಗುತ್ತದೆ. ಸೋಮವಾರ ಆಕೆ ಅದಕ್ಕೆ ಹುಲ್ಲು ಹುಟ್ಟಿಸುತ್ತಾಳೆ. ಹುಟ್ಟಿಸುತ್ತಿದ್ದಳು, ನಾಲ್ಕು ವಾರದ ಹಿಂದಿನವರೆಗೆ.

ಆಕೆ ಇಲ್ಲಿ ಕೆಲಸಕ್ಕೆ ಸೇರಿ ಹದಿನೇಳು ವರ್ಷ. ಗಂಡ ಉದ್ಯಾನದ ನೀರಿನ ಟ್ಯಾಂಕರು ಓಡಿಸುತ್ತಾನೆ. ಮೈದುನ ಗೇಟು ಕಾಯುತ್ತಾನೆ. ಮಾವ ಮೂವತ್ತು ವರ್ಷ ಇದೇ ಬೆಟ್ಟಗಳಲ್ಲಿ ಬೆಂಕಿ ಕಾವಲಿಗಿದ್ದವರು. ಹೊಗೆ ಕಂಡಲ್ಲಿಗೆ ನಡೆದೇ ಹೋಗಿ, ನಡೆದೇ ಬರುತ್ತಿದ್ದವರು. ಸೇರಿದ ಎರಡನೇ ವರ್ಷ ಅಂದಿನ ಅಧಿಕಾರಿ "ಜನ ದಾರಿ ತಪ್ಪುತ್ತಾರೆ, ಗೋಡೆಗೊಂದು ನಕ್ಷೆ ಬರೆಯಮ್ಮ" ಎಂದಾಗ, ಆಕೆಗೆ ಚಿತ್ರ ಬರೆಯಲು ಬರುತ್ತಿರಲಿಲ್ಲ. ಹಿಟ್ಟು ನಾದಲು ಬರುತ್ತಿತ್ತು. ಕಚೇರಿಯ ರದ್ದಿಯನ್ನೆಲ್ಲ ನೆನೆಹಾಕಿ, ಗೋಂದು ಬೆರೆಸಿ ನಾದಿದಳು. ಕಣ್ಣು ಮಂದವಾಗಿದ್ದ ಮಾವ ಪಕ್ಕದಲ್ಲಿ ಕೂತು, ಕಾಲಿಗೆ ನೆನಪಿದ್ದ ಬೆಟ್ಟಗಳನ್ನು ಕೈಯಲ್ಲಿ ತೋರಿಸಿದರು.

"ಪೂರ್ವದ ಸಾಲು ಹೇಗಿದೆ ಮಾವ ಅಂದರೆ, ಮುಷ್ಟಿ ಹಿಡಿದು ತೋರಿಸಿದರು. ನಾಲ್ಕು ಗೆಣ್ಣು, ನಾಲ್ಕು ಶಿಖರ, ನಡುವೆ ಮೂರು ಕಣಿವೆ. ನಾನು ಆ ಮುಷ್ಟಿ ಮೇಲೇ ಒದ್ದೆ ತಿರುಳು ಹೊದಿಸಿ ಬಿಸಿಲಿಗೆ ಕೂರಿಸಿದೆ. 'ಮೂಗು ತುರಿಸ್ತಿದೆ ಕಣಮ್ಮಾ' ಅಂದರು. 'ಇನ್ನೊಂದು ಗಂಟೆ ಅಲ್ಲಾಡಬೇಡಿ ಮಾವ' ಅಂದೆ. ಮೂಗು ನಾನೇ ತುರಿಸಿದೆ."

ಮಾವ ಈಗಿಲ್ಲ. ಅವರ ಮುಷ್ಟಿ ಪೂರ್ವ ದಿಕ್ಕಿನಲ್ಲಿದೆ.

ಆ ರದ್ದಿಯ ರಾಶಿಯಲ್ಲಿ ಗೆದ್ದಲು ಹಿಡಿದ ಮೊದಲೆರಡು ವರ್ಷದ ಸಂದರ್ಶಕರ ಪುಸ್ತಕಗಳೂ ಇದ್ದವು. "ಕೇಂದ್ರದ ಹೆಣ್ಣುಮಗಳು ಬಹಳ ಚೆನ್ನಾಗಿ ವಿವರಿಸುತ್ತಾರೆ" ಎಂದು ಜನ ಪುಟಗಟ್ಟಲೆ ಬರೆದದ್ದು ಆ ಪುಸ್ತಕಗಳಲ್ಲಿ. ಆಕೆ ಅವನ್ನು ಸ್ವಂತ ಕೈಯಿಂದ ಹರಿದು, ನೆನೆಸಿ, ನಾದಿ, ಗುಡ್ಡ ಮಾಡಿದಳು. ಹೊಗಳಿಕೆ ದಿನಾ ಬರುವಂಥದ್ದು, ಇವತ್ತು ಹೋದರೆ ನಾಳೆ ಎಂಬ ಧೈರ್ಯ ಆಗ. ನಾಳೆ ವಾರಗಿತ್ತಿ ಬರುತ್ತಾಳೆಂದು ಯಾರಿಗೆ ಗೊತ್ತಿತ್ತು?

ಮೈದುನನ ಹೆಂಡತಿ ಬಂದು ಹನ್ನೊಂದು ವರ್ಷ. ಅವಳಿಗೆ ಶೌಚಾಲಯ ಮತ್ತು ಕೇಂದ್ರ ಶುಚಿ ಮಾಡುವ ಕೆಲಸ ಸಿಕ್ಕಿತು. ಅದಕ್ಕೆ ಮುಂಚೆ ಅಲ್ಲಿದ್ದುದನ್ನು ಶೌಚಾಲಯ ಎನ್ನುವುದಕ್ಕಿಂತ ಬಾಗಿಲಿದ್ದ ಒಂದು ಎಚ್ಚರಿಕೆ ಎನ್ನುವುದು ಸರಿ. ವಾರಗಿತ್ತಿ ಆರು ತಿಂಗಳಲ್ಲಿ ಅದನ್ನು ಕನ್ನಡಿ ಮಾಡಿದಳು. ದಿನಕ್ಕೆ ಒಂಬತ್ತು ಸಲ ತೊಳೆಯುತ್ತಾಳೆ. ಕಿಟಕಿಯಲ್ಲಿ ಸಣ್ಣ ಕುಂಡ, ಕೊಕ್ಕೆಗೆ ಒಗೆದ ಟವೆಲು, ನೆಲದಲ್ಲಿ ಒಂದು ಹನಿ ನೀರು ನಿಲ್ಲುವಂತಿಲ್ಲ.

ಇಲ್ಲೊಂದು ಭೂಗೋಳದ ವಿಚಾರವಿದೆ. ಕೊನೆಯ ಪೆಟ್ರೋಲ್ ಬಂಕಿನಿಂದ ಈ ಕೇಂದ್ರಕ್ಕೆ ತೊಂಬತ್ತು ಕಿಲೋಮೀಟರು. ನಡುವೆ ಮರೆಗೊಂದು ಮರವಿಲ್ಲ. ಹಾಗಾಗಿ ಕಾರಿನಿಂದ ಇಳಿಯುವ ಮನುಷ್ಯನ ಮುಖದಲ್ಲಿ ಪ್ರಕೃತಿಪ್ರೇಮಕ್ಕಿಂತ ಪ್ರಕೃತಿಕರೆಯೇ ಎದ್ದು ಕಾಣುತ್ತದೆ. ಜನ ತನ್ನನ್ನು ಕೇಳುವ ಪ್ರಶ್ನೆಗಳಿಗೆ ಮೇಜಿನಕ್ಕ ಒಂದು ನೋಟ್‌ಬುಕ್ ಇಟ್ಟಿದ್ದಾಳೆ. ಒಂದು ಸಾಧಾರಣ ದಿನದ ಪಟ್ಟಿ: 'ಶೌಚಾಲಯ ಎಲ್ಲಿ?' ಮೂವತ್ತೊಂದು. 'ಸಿಗ್ನಲ್ ಸಿಗುತ್ತಾ?' ಇಪ್ಪತ್ತೇಳು. 'ಪ್ರಾಣಿಗಳನ್ನ ಎಷ್ಟು ಗಂಟೆಗೆ ಬಿಡ್ತೀರಿ?' ಎಂಟು. 'ಇದನ್ನು ಮಾಡಿದ್ದು ಯಾರು?' ಸೊನ್ನೆ.

"ನಾನು ಕೈ ತೋರಿಸಿ ದಾರಿ ಹೇಳ್ತೀನಿ. ಅವರು ಓಡ್ತಾರೆ. ಬರುವಾಗ ಮುಖ ನೋಡಬೇಕು ನೀವು, ಲೋಕವೇ ಹಗುರ ಆದ ಹಾಗೆ! ಬಂದೋರು ಸೀದಾ ಪುಸ್ತಕ ತೆಗೀತಾರೆ, ಅವಳ ಬಗ್ಗೆ ಬರೀತಾರೆ. ನೀರು ಯಾರದು? ನನ್ನ ಗಂಡ ದಿನಾ ಎರಡು ಟ್ಯಾಂಕರು ತಂದು ಸುರೀತಾನೆ. ನೀರು ನನ್ನ ಗಂಡನದು, ಹೆಸರು ನನ್ನ ವಾರಗಿತ್ತಿದು."

ಹೊಟ್ಟೆಕಿಚ್ಚು ಎಂಬ ಪದವನ್ನು ಆಕೆಯ ಮುಂದೆ ಬಳಸುವ ಹಾಗಿಲ್ಲ. "ನನಗ್ಯಾಕೆ ಹೊಟ್ಟೆಕಿಚ್ಚು? ಲೆಕ್ಕ ಸರಿ ಇರಬೇಕು ಅಂತ ಅಷ್ಟೆ." ನಿಮ್ಮಂಥವರನ್ನೇ ಎಲೆಮರೆಯ ಕಾಯಿ ಎನ್ನುವುದು ಎಂದರೆ ಮೂಗು ಮುರಿಯುತ್ತಾಳೆ. "ಕಾಯಿ ಅವಳು. ನಾನು ಎಲೆ. ನಾನು ಮರೆ ಮಾಡ್ತಿದ್ದೀನಿ ಅಂತ ಜನ ನನ್ನನ್ನೇ ಸರಿಸಿ ನೋಡ್ತಾರೆ."

ಇದೆಲ್ಲ ಮನೆಯೊಳಗಿನ ಮಾತಾಗಿಯೇ ಉಳಿಯುತ್ತಿತ್ತು, ಮುಖ್ಯ ಕಚೇರಿಯಿಂದ ಆ ಕಾಗದ ಬಾರದಿದ್ದರೆ. ಐದೂವರೆ ವಾರದ ಹಿಂದೆ ಬಂತು. ಕೇಂದ್ರವನ್ನು ಆಧುನಿಕಗೊಳಿಸಲಾಗುವುದು, ಕಳೆದ ಮೂರು ವರ್ಷಗಳ ಸಂದರ್ಶಕರ ಅಭಿಪ್ರಾಯಗಳಲ್ಲಿ ಗಣನೀಯವಾಗಿ ಪ್ರಸ್ತಾಪವಾಗದ ಪ್ರದರ್ಶನ ವಸ್ತುಗಳನ್ನು ತೆರವುಗೊಳಿಸಿ, ಆ ಜಾಗದಲ್ಲಿ ಸ್ಪರ್ಶ ಪರದೆ ಅಳವಡಿಸಲಾಗುವುದು, ಪರಿಶೀಲನೆಗೆ ಅಧಿಕಾರಿ ಇಂಥ ಗುರುವಾರ ಬರುತ್ತಾರೆ. ಬಾಗಿಲಿನ ಅಗಲ ಮೂರೂವರೆ ಅಡಿ. ಆರಡಿಯ ಮೇಜು ಕೋಣೆಯೊಳಗೇ ಹುಟ್ಟಿ ಬೆಳೆದದ್ದು. ತೆರವು ಎಂದರೆ ಗರಗಸ ಎಂದು ಆಕೆಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಮೊದಲು ತುಂಡಾಗುವುದು ಯಾವ ಕಡೆ ಎಂದೂ ಲೆಕ್ಕ ಹಾಕಿದಳು. ಬಾಗಿಲಿಗೆ ಹತ್ತಿರ ಇರುವುದು ಪೂರ್ವ.

ಆಕೆ ಮೂರು ವರ್ಷದ ಐದು ಪುಸ್ತಕ ತೆಗೆದು ಕೂತಳು. ಒಟ್ಟು ಅಭಿಪ್ರಾಯ ಸಾವಿರದ ನೂರ ಮೂವತ್ತು. ಶೌಚಾಲಯದ ಪ್ರಶಂಸೆ ನಾನೂರ ಹನ್ನೆರಡು. ಸೂರ್ಯಾಸ್ತ ಇನ್ನೂರ ಅರವತ್ತೆಂಟು. ಸಿಗ್ನಲ್ ಇಲ್ಲವೆಂಬ ಶಾಪ ನೂರ ತೊಂಬತ್ತು. ಮೇಜು ಒಂಬತ್ತು. ಆ ಒಂಬತ್ತರಲ್ಲಿ ಎರಡು, ಮೇಜಿನ ಮೂಲೆ ಮಕ್ಕಳ ಮೊಣಕೈಗೆ ತಾಗುತ್ತದೆ ಎಂಬ ದೂರು.

ಪೆನ್ನು ಸರಿದದ್ದು ಆಗ. ಬರೆಯುವವರ ಕಣ್ಣೆದುರು ಮೇಜಿದ್ದರೆ ಮೇಜಿನ ಬಗ್ಗೆ ಬರೆದಾರು ಎಂಬುದು ಆಕೆಯ ತರ್ಕ. ತರ್ಕದಲ್ಲಿ ತಪ್ಪಿರಲಿಲ್ಲ, ಮನುಷ್ಯರಲ್ಲಿತ್ತು. ಮೊದಲ ದಿನವೇ ಒಬ್ಬ ಮಹನೀಯರು ಮೇಜಿನ ಮೇಲೆ, ಸರಿಯಾಗಿ ಉತ್ತರದ ಬೆಟ್ಟಸಾಲಿಗೆ ಮೊಣಕೈ ಊರಿ ಬರೆದರು: 'ಶೌಚಾಲಯ ಅತ್ಯಂತ ಸ್ವಚ್ಛ. ಬರೆಯಲು ಮೇಜಿನ ವ್ಯವಸ್ಥೆಯೂ ಇದೆ.'

ಆ ವಾರ ಬಂಡೆ ಉರುಳಿ ಒಂದು ದಿನ ರಸ್ತೆ ಮುಚ್ಚಿತು. ಖಾಲಿ ಕೋಣೆ, ಎದುರಿಗೆ ಪುಸ್ತಕ, ಕೈಗೆಟುಕುವಲ್ಲಿ ಪೆನ್ನು. ಆಕೆ ಎಡಗೈಯಲ್ಲಿ ಸೊಟ್ಟಸೊಟ್ಟಗೆ ಬರೆದಳು: 'ಮಾದರಿ ಮೇಜು ಅದ್ಭುತ. ಇಂಥದ್ದನ್ನು ಎಲ್ಲೂ ನೋಡಿಲ್ಲ.'

ಮರುದಿನ ಬೆಳಗ್ಗೆ ವಾರಗಿತ್ತಿ ಮೇಜು ಒರೆಸಲು ಪುಸ್ತಕ ಎತ್ತಿಡಬೇಕಾಯಿತು. ಎತ್ತಿದವಳು ಇಡಲಿಲ್ಲ.

"ಅಕ್ಕಾ, ನಿನ್ನೆ ಬಂದಿದ್ದು ಯಾರು?"

"ಯಾರೋ ಬರ್ತಾರೆ, ಹೋಗ್ತಾರೆ. ಎಲ್ಲರ ಮುಖ ನೆನಪಿಟ್ಕೊಳ್ಳೋಕೆ ಆಗುತ್ತಾ?"

"ನಿನ್ನೆ ರಸ್ತೆ ಮುಚ್ಚಿತ್ತು. ನಿನ್ನ ಮೈದುನ ಗೇಟಿಗೆ ಒರಗಿ ಇಡೀ ದಿನ ಗೊರಕೆ ಹೊಡೆದ. ಈ ಮಹರಾಯ ರೆಕ್ಕೆ ಕಟ್ಕೊಂಡು ಬಂದನಾ?"

ಆಕೆ ಗುಂಡುಸೂಜಿಗಳನ್ನು ಎಣಿಸತೊಡಗಿದಳು.

"ಅದೂ ಅಲ್ಲದೆ," ಎಂದಳು ವಾರಗಿತ್ತಿ, "ಕೆಳಗೆ ತಾರೀಕು ಹಾಕಿ, 'ಮೋಡ, ಮಂದ ಗಾಳಿ' ಅಂತ ಬರೆದಿದಾನೆ. ಯಾವ ಪ್ರವಾಸಿ ಹವಾಮಾನ ಬರೀತಾನೆ ಅಕ್ಕಾ?"

ಹದಿನೇಳು ವರ್ಷ ದಿನಚರಿ ಪುಸ್ತಕದಲ್ಲಿ ತಾರೀಕಿನ ಪಕ್ಕ ಹವಾಮಾನ ಬರೆದ ಕೈ. ಕಳ್ಳತನಕ್ಕೂ ಅದೇ ಕೈ ಹೋಗಿತ್ತು.

"ಹೋಗು, ಎಲ್ಲರಿಗೂ ಡಂಗುರ ಹೊಡಿ," ಎಂದಳು ಆಕೆ. "ನಿನಗೇನಮ್ಮ, ನಾನೂರ ಹನ್ನೆರಡು ಜನ ಇದಾರೆ ಹಿಂದೆ."

"ಏನದು ನಾನೂರ ಹನ್ನೆರಡು?"

ವಾರಗಿತ್ತಿಗೆ ಗೊತ್ತೇ ಇರಲಿಲ್ಲ. ಹನ್ನೊಂದು ವರ್ಷ ಆ ಪುಸ್ತಕದ ಪಕ್ಕದಲ್ಲಿ ಬಕೆಟು ಹಿಡಿದು ಓಡಾಡಿದವಳು ಒಂದು ಪುಟ ತೆರೆದು ನೋಡಿರಲಿಲ್ಲ. "ಕಂಡವರು ಬರೆದಿದ್ದನ್ನ ನಾನ್ಯಾಕೆ ಓದಲಿ?" ಎಂದಳು. ಮೇಜಿನಕ್ಕನಿಗೆ ಎಲ್ಲಕ್ಕಿಂತ ಉರಿದದ್ದು ಈ ಮಾತಿಗೆ. ತಾನು ಹಸಿದು ಕಾಯುತ್ತಿದ್ದ ಎಲೆಯೂಟವನ್ನು ಇವಳು ಹನ್ನೊಂದು ವರ್ಷ ಮುಟ್ಟದೆ ಬಿಟ್ಟಿದ್ದಾಳೆ!

ಕಾಗದದ ವಿಷಯ, ಗರಗಸದ ವಿಷಯ ಆಗ ಹೊರಬಂತು. ವಾರಗಿತ್ತಿ ಕೇಳಿಸಿಕೊಂಡಳು. ಬಕೆಟಿನಲ್ಲಿ ಫಿನಾಯಿಲು ಅದ್ದಿದ ಬಟ್ಟೆಯನ್ನು ಹಿಂಡದೆಯೇ ಎತ್ತಿ ಪುಸ್ತಕದ ಮೇಲೆ ಹಾಯಿಸಿದಳು. ಎಡಗೈಯ ಪ್ರವಾಸಿ ನೀಲಿಯಾಗಿ ಕರಗಿ ಹೋದ. "ಅಯ್ಯೋ, ಬಿದ್ದುಬಿಡ್ತು," ಎಂದಳು, ಬೀಳಿಸಿದವರ ದನಿಯಲ್ಲೇ.

"ಸಾಕ್ಷಿ ಬೇಕಾದರೆ ಅದಕ್ಕೆ ಪುಸ್ತಕ ಯಾಕೆ ಅಕ್ಕಾ? ದಿನಾ ಸಂಜೆ ಆ ಗುಡ್ಡದ ಸುತ್ತ ಬೆರಳಿನ ಕೊಳೆ ಒರೆಸೋಳು ನಾನು. ನನ್ನ ಶೌಚಾಲಯಕ್ಕೆ ಬಾರದೆ ಹೋದವರಿದ್ದಾರೆ. ಅದನ್ನ ಮುಟ್ಟದೆ ಹೋದೋರು ಒಬ್ಬರೂ ಇಲ್ಲ. ನೀನು ಸೋಮವಾರ ಬಂತು ಅಂದರೆ ಬಣ್ಣ ಬಳಿದು ಮುಚ್ಚಿಡ್ತೀಯ. ಬಳೀಬೇಡ, ಸುಮ್ಮನಿರು."

ಬುದ್ಧಿವಾದ ಸರಿಯಾಗಿತ್ತು. ಅದು ಸರಿಯಾಗಿದ್ದದ್ದೇ ಕಷ್ಟ. ಮೊದಲೆರಡು ವರ್ಷದ ಸಾಕ್ಷಿಯನ್ನು ನಾದಿ ಹಾಕಿದಳು, ಮಿಕ್ಕ ಹದಿನೈದು ವರ್ಷದ್ದನ್ನು ವಾರಕ್ಕೊಮ್ಮೆ ತಾನೇ ಬಳಿದು ಅಳಿಸಿದಳು. ಅದು ಹೊಳೆಯಬೇಕಾದದ್ದು ತನಗೆ, ಹೊಳೆದದ್ದು ಯಾರಿಗೆ ಎಂದರೆ ಅವಳಿಗೆ. ಆ ಸಂಜೆ ಆಕೆ ಪುಸ್ತಕ ಒಣಗಿಸುತ್ತ ಮತ್ತೆ ಎಣಿಸಿದಳು. ಫಿನಾಯಿಲಿಗೆ ಕರಗಿದ ಹಾಳೆಯ ಹಿಂಬದಿಯಲ್ಲಿ ಶೌಚಾಲಯದ ಒಂದು ಪ್ರಶಂಸೆಯೂ ಹೋಗಿತ್ತು. ನಾನೂರ ಹನ್ನೊಂದು. ಈ ವಿಷಯ ಆಕೆ ವಾರಗಿತ್ತಿಗೆ ಹೇಳಲಿಲ್ಲ.

ಕಾಗದ ಹೇಳಿದ್ದ 'ಇಂಥ ಗುರುವಾರ' ಬಂದಿದೆ. ಹನ್ನೊಂದೂಕಾಲಿಗೆ ಮುಖ್ಯ ಕಚೇರಿಯ ಜೀಪು ನಿಲ್ಲುತ್ತದೆ. ಅಧಿಕಾರಿ ಕಂಕುಳಲ್ಲಿ ಕಡತ ಇಟ್ಟುಕೊಂಡು ಒಳಗೆ ಬಂದವರೇ ನಮಸ್ಕಾರಕ್ಕೂ ಮೊದಲು ಕೇಳುತ್ತಾರೆ: "ಶೌಚಾಲಯ ಎಲ್ಲಿ?"

ಆಕೆ ಕೈ ತೋರಿಸುತ್ತಾಳೆ. ನೋಟ್‌ಬುಕ್ಕಿನಲ್ಲಿ ಒಂದು ಗೀಟು ಎಳೆಯುತ್ತಾಳೆ.

ವಾಪಸು ಬಂದವರ ಮುಖ ಹಗುರವಾಗಿದೆ. "ಪರವಾಗಿಲ್ಲ, ಕನ್ನಡಿ ಇದ್ದ ಹಾಗಿದೆ," ಎನ್ನುತ್ತಾರೆ. ಅಧಿಕಾರಿ ಪುಸ್ತಕ ತಿರುವುತ್ತಾರೆ, ಕಡತದಲ್ಲಿ ಗುರುತು ಹಾಕುತ್ತಾರೆ. ಕೊಂಬು ನೋಡುತ್ತಾರೆ, ಹಿಕ್ಕೆಯ ಡ್ರಾಯರು ಎಳೆದು ಬೇಗ ಮುಚ್ಚುತ್ತಾರೆ. ಮೇಜಿನ ಹತ್ತಿರ ಬರುತ್ತಾರೆ. ಹಿಂಬಾಗಿಲಲ್ಲಿ ವಾರಗಿತ್ತಿ ನೆಲ ಒರೆಸುವ ಕೋಲು ಹಿಡಿದು ನಿಂತಿದ್ದಾಳೆ, ಒರೆಸಿದ ಜಾಗವನ್ನೇ ಮತ್ತೆ ಒರೆಸುತ್ತ.

ಅಧಿಕಾರಿ ಕಡತವನ್ನು ಎಡಗೈಗೆ ದಾಟಿಸಿ, ಬಲಗೈಯ ತೋರುಬೆರಳು ಚಾಚುತ್ತಾರೆ. "ಅಂದರೆ ನಾವೀಗ ಇಲ್ಲಿ..."

ಬೆರಳು ಒಂದು ಗುಳಿಯೊಳಗೆ ಇಳಿಯುತ್ತದೆ. ಅವರು ಬೆರಳು ತೆಗೆದು, ಕನ್ನಡಕ ಏರಿಸಿ, ಬಗ್ಗಿ ನೋಡುತ್ತಾರೆ. ಗುಡ್ಡದ ನೆತ್ತಿ ಹೋಗಿದೆ. ಸವೆದ ಅಂಚಿನಲ್ಲಿ ಕಡಿದ ಮರದ ಉಂಗುರಗಳ ಹಾಗೆ ಬಣ್ಣದ ಸುತ್ತುಗಳು: ಕಡು ಹಸಿರು, ಎಳೆ ಹಸಿರು, ಹಸಿರು ಸಿಗದ ವರ್ಷ ಬಳಿದ ಕಂದು, ಮತ್ತೆ ಹಸಿರು. ಎಲ್ಲಕ್ಕೂ ಕೆಳಗೆ ಬೂದು ತಿರುಳು, ಅದರಲ್ಲೊಂದು ನೀಲಿ ಶಾಯಿಯ ಕಲೆ. ಆ ಶಾಯಿ ಯಾವ ಪುಸ್ತಕದ್ದು ಎಂದು ಕೋಣೆಯಲ್ಲಿ ಒಬ್ಬಳಿಗೆ ಮಾತ್ರ ಗೊತ್ತು.

"ಇದೇನಮ್ಮ, ಇಲಿ ತಿಂದಿದೆಯಾ?"

"ಇಲ್ಲ ಸಾರ್. ನಿಮ್ಮ ಹಾಗೇ ಬಂದವರು."

"ಎಲ್ಲರೂ ಹೀಗೇ ಮಾಡ್ತಾರಾ?"

"ನೀವು ಮಾಡಿದ್ರಲ್ಲ ಸಾರ್."

ಅಧಿಕಾರಿ ತಮ್ಮ ಬೆರಳನ್ನು ನೋಡಿಕೊಳ್ಳುತ್ತಾರೆ. ಮತ್ತೊಮ್ಮೆ ಗುಳಿಯಲ್ಲಿಟ್ಟು ನೋಡುತ್ತಾರೆ. ಸರಿಯಾಗಿ ಕೂರುತ್ತದೆ. ಬೆಟ್ಟಸಾಲುಗಳ ಮೇಲೆ ಕಣ್ಣು ಹಾಯಿಸಿ, ಪೂರ್ವಕ್ಕೆ ಬಂದಾಗ, ಹದಿನೈದು ವರ್ಷದಲ್ಲಿ ನೋಟ್‌ಬುಕ್ಕಿಗೆ ಬಾರದ ಪ್ರಶ್ನೆ ಕೇಳುತ್ತಾರೆ: "ಮಾಡಿದ್ದು ಯಾರು?"

ಆಕೆಯ ಕೈ ಮೊದಲು ನೋಟ್‌ಬುಕ್ಕಿಗೆ ಹೋಗುತ್ತದೆ. ಆ ಅರ್ಧ ಕ್ಷಣದ ಬಿರುಕಿನಲ್ಲಿ ಹಿಂಬಾಗಿಲಿಂದ ದನಿ ಬರುತ್ತದೆ: "ಅಕ್ಕನೇ ಸಾರ್ ಮಾಡಿದ್ದು. ನಾನು ಬರೀ ಒರೆಸ್ತೀನಿ."

ಆ 'ಬರೀ' ಎನ್ನುವುದನ್ನು ಎರಡು ದಿನವಾದರೂ ಆಕೆ ಮರೆತಿಲ್ಲ. "ನೋಡಿ, ಎಷ್ಟು ಚೆನ್ನಾಗಿ ಹೇಳಿಬಿಟ್ಟಳು," ಎನ್ನುತ್ತಾಳೆ. "ನನಗೆ ಬರುತ್ತಾ ಹಾಗೆ ಹೇಳೋಕೆ? ಒಳ್ಳೇತನದಲ್ಲೂ ನನಗಿಂತ ಒಂದು ಹೆಜ್ಜೆ ಮುಂದೆ ಇರಬೇಕು ಅವಳಿಗೆ. ಉಪಕಾರ ಮಾಡಿದಾಳೆ, ಬೈಯೋ ಹಾಗೂ ಇಲ್ಲ. ಮುಂಚೆ ಆದರೆ ಮನಸ್ಸಲ್ಲಾದರೂ ಬೈಕೋತಿದ್ದೆ."

ಅಧಿಕಾರಿ ಹೊರಡುವ ಮೊದಲು ಪುಸ್ತಕದಲ್ಲಿ ಎರಡು ಸಾಲು ಬರೆದಿದ್ದಾರೆ. ಮೊದಲ ಸಾಲು ಶೌಚಾಲಯದ್ದು. ಎರಡನೆಯದು: 'ಮೇಜನ್ನು ಕದಲಿಸಕೂಡದು. ಸವೆದ ಜಾಗಕ್ಕೆ ಬಣ್ಣ ಬಳಿಯಕೂಡದು.' ಆಕೆ ಅದನ್ನು ಓದಿದ ಮೇಲೆ ಹೋಗಿ ಹೊರಗಿನ ನಲ್ಲಿಯಲ್ಲಿ ಬಹಳ ಹೊತ್ತು ಮುಖ ತೊಳೆದಳು ಎಂದು ವಾರಗಿತ್ತಿ ಹೇಳುತ್ತಾಳೆ. ಧೂಳಿತ್ತು ಎಂದು ಆಕೆ ಹೇಳುತ್ತಾಳೆ. ಆ ನಲ್ಲಿಯ ನೀರು ಗಂಡ ತಂದದ್ದು ಎಂದೂ ಸೇರಿಸುತ್ತಾಳೆ.

ಆಸೆ ಏನಾದರೂ ಉಂಟೇ ಎಂದರೆ ಆಕೆ ಯೋಚಿಸಿ ಹೇಳುತ್ತಾಳೆ: "ದೊಡ್ಡದೇನಿಲ್ಲ. ನಿವೃತ್ತಿ ಆಗೋದರೊಳಗೆ ಮೇಜಿಗೂ ನಾನೂರ ಹನ್ನೊಂದು ಆಗಬೇಕು. ಹನ್ನೆರಡು ಆದರೂ ಬೇಡ ಅನ್ನಲ್ಲ." ನಿವೃತ್ತಿಗೆ ಹದಿನಾಲ್ಕು ವರ್ಷವಿದೆ. ವರ್ಷಕ್ಕೆ ಮೂರರ ಲೆಕ್ಕದಲ್ಲಿ ಆಗುವ ಕೆಲಸವಲ್ಲ ಎಂದು ಆಕೆಗೂ ಗೊತ್ತು.

ಸ್ಪರ್ಶ ಪರದೆ ಮುಂದಿನ ತಿಂಗಳು ಬರುತ್ತದೆ. ಅದನ್ನು ಶೌಚಾಲಯದ ಎದುರಿನ ಗೋಡೆಗೆ ಹಾಕುತ್ತಾರೆ. ಬೆರಳಿನ ಗುರುತು ಒರೆಸುವ ಕೆಲಸ ವಾರಗಿತ್ತಿಯದು. ಮೇಜು ಇದ್ದಲ್ಲೇ ಇದೆ. ಪೆನ್ನು ಹಿಂಬಾಗಿಲ ಬಳಿಗೆ ಹೋಗಿದೆ, ಸರಿಸಿದ ಕೈಯೇ ಅದನ್ನು ಮತ್ತೆ ಅಲ್ಲಿ ಕಟ್ಟಿದೆ.